ಬೆಲ್ಲಿಯ ಎಂಟು ದಿನಗಳು: ಹಲ್ಲಿನ ಶಸ್ತ್ರಚಿಕಿತ್ಸೆಯ ನಂತರ ಮೊಲದ ಆರೈಕೆ – ಬೋಧನಾಭ್ಯಾಸದ ಒಂದು ಪಾಠ

ತರಗತಿ: 7
ವಿಷಯ: ವಿಜ್ಞಾನ
ಘಟಕ: ಪ್ರಾಣಿಗಳಲ್ಲಿ ಪೋಷಣೆ
ಉಪಘಟಕ: ಹಲ್ಲು, ಆಹಾರ ಮತ್ತು ಸಾಕುಪ್ರಾಣಿಯ ಆರೈಕೆ
ಅವಧಿ: 40 ನಿಮಿಷ
ಮಾದರಿ: ಐದು ‘ಇ’ ಹಂತಗಳ ರಚನಾವಾದಿ ಪಾಠ

ಪೀಠಿಕೆ

ಬೋಧನಾಭ್ಯಾಸದ ಎರಡನೇ ಸುತ್ತಿನಲ್ಲಿ ಒಂದೇ ಪಾಠವನ್ನು ನಾನು ಏಳನೇ ತರಗತಿಯ ಎರಡು ವಿಭಾಗಗಳಲ್ಲಿ ಮಾಡಿದೆ. ‘ಎ’ ವಿಭಾಗದಲ್ಲಿ ಪಾಠ ಸುಗಮವಾಗಿ ಸಾಗಿತು, ವೀಕ್ಷಣಾ ನಮೂನೆಯಲ್ಲಿ ಒಳ್ಳೆಯ ಅಂಕಗಳೂ ಬಂದವು. ‘ಬಿ’ ವಿಭಾಗದಲ್ಲಿ ಸಮಯ ಮೀರಿತು, ಗದ್ದಲವಾಯಿತು, ಕಪ್ಪುಹಲಗೆಯ ಸಾರಾಂಶ ಅರ್ಧಕ್ಕೇ ನಿಂತಿತು. ಆದರೆ ಮಕ್ಕಳ ಪುಸ್ತಕಗಳನ್ನು ತಿದ್ದುವಾಗ, ಕಲಿಕೆ ನಡೆದಿರುವುದು ಎರಡನೇ ಪಾಠದಲ್ಲಿ ಎಂಬುದು ಸ್ಪಷ್ಟವಾಯಿತು. ಎರಡು ಪಾಠಗಳ ನಡುವಿನ ಮುಖ್ಯ ವ್ಯತ್ಯಾಸ ಒಂದು ಕೋಷ್ಟಕದ ಒಂದೇ ಒಂದು ಸಾಲು. ಆ ಸಾಲನ್ನು ಮೊದಲ ಪಾಠದಲ್ಲಿ ನಾನೇ ಬೇಕೆಂದು ಬಿಟ್ಟಿದ್ದೆ. ಹಾಗೆ ಏಕೆ ಮಾಡಿದೆ, ಅದರಿಂದ ಏನಾಯಿತು ಎಂಬುದನ್ನು ಸಹಪ್ರಶಿಕ್ಷಣಾರ್ಥಿಗಳ ಮುಂದಿಡುವುದು ಈ ಲೇಖನದ ಉದ್ದೇಶ.

ಹಿನ್ನೆಲೆ

ನಮ್ಮ ಮನೆಯಲ್ಲಿ ಬೆಲ್ಲದ ಬಣ್ಣದ ಒಂದು ಹೆಣ್ಣು ಮೊಲವಿದೆ. ಹೆಸರು ಬೆಲ್ಲಿ, ವಯಸ್ಸು ಮೂರು ವರ್ಷ. ತಂದಾಗಿನಿಂದ ಅವಳಿಗೆ ನಾವು ಕೊಡುತ್ತಿದ್ದದ್ದು ಕ್ಯಾರೆಟ್, ನೆನೆಸಿದ ಕಡಲೆ, ಅಂಗಡಿಯ ಪೆಲೆಟ್, ಸಂಜೆ ಚಹಾದ ಜೊತೆ ನನ್ನ ತಟ್ಟೆಯಿಂದ ಒಂದು ಬಿಸ್ಕೆಟ್. ಹುಲ್ಲು ಅಪರೂಪ. ಚಿತ್ರಗಳಲ್ಲಿ ಮೊಲದ ಕೈಯಲ್ಲಿ ಯಾವಾಗಲೂ ಕ್ಯಾರೆಟ್ ಇರುತ್ತದೆ, ಹಾಗಾಗಿ ನಮಗೆ ಅನುಮಾನವೇ ಬರಲಿಲ್ಲ.

ಬೋಧನಾಭ್ಯಾಸದ ಮೊದಲ ಸುತ್ತಿನ ದಿನಗಳಲ್ಲಿ ಅವಳ ಗದ್ದ ಒದ್ದೆಯಾಗಿರುವುದನ್ನು ಕಂಡೆ. ನೀರು ಕುಡಿದಿರಬೇಕು ಎಂದುಕೊಂಡು ಪಾಠಯೋಜನೆ ಬರೆಯಲು ಕುಳಿತೆ. ಆಮೇಲೆ ಅವಳು ಕ್ಯಾರೆಟ್ಟಿನ ಹತ್ತಿರ ಬಂದು, ಮೂಸಿ, ಹಿಂದೆ ಸರಿಯತೊಡಗಿದಳು. ಅಮ್ಮ ಗೂಡು ಗುಡಿಸುವಾಗ “ಹಿಕ್ಕೆ ಸಾಸಿವೆಯಷ್ಟು ಆಗಿದೆ ಕಣೇ” ಎಂದರು. ಆ ವೇಳೆಗೆ ಗದ್ದ ಒದ್ದೆಯಾಗಿ ಒಂಬತ್ತು ದಿನ ಕಳೆದಿತ್ತು. 1,850 ಗ್ರಾಂ ತೂಗುತ್ತಿದ್ದವಳು 1,580 ಗ್ರಾಂಗೆ ಇಳಿದಿದ್ದಳು. ಬೆಂಗಳೂರಿನ ಪಶುವೈದ್ಯರೊಬ್ಬರು ಪರೀಕ್ಷಿಸಿ, ದವಡೆಹಲ್ಲುಗಳ ಅಂಚು ಮುಳ್ಳಿನಂತೆ ಬೆಳೆದು ನಾಲಿಗೆಯನ್ನು ಕೊರೆದಿದೆ ಎಂದರು. ಅರಿವಳಿಕೆ ಕೊಟ್ಟು ಆ ಅಂಚುಗಳನ್ನು ಉಜ್ಜಿ ತೆಗೆದರು. ಸಂಜೆ ಅವಳನ್ನು ಬುಟ್ಟಿಯಲ್ಲಿಟ್ಟುಕೊಂಡು ತುಮಕೂರಿಗೆ ಮರಳಿದೆವು. ಮರುದಿನದಿಂದ ಎಂಟು ದಿನ ನಾನು ಒಂದು ನೋಟ್‌ಬುಕ್ಕಿನಲ್ಲಿ ದಾಖಲೆ ಇಟ್ಟೆ. ಆ ನೋಟ್‌ಬುಕ್ಕೇ ಈ ಪಾಠದ ಮುಖ್ಯ ಬೋಧನೋಪಕರಣ.

ವಿಷಯ ವಿಶ್ಲೇಷಣೆ: ಮೊಲದ ಹಲ್ಲು

ಪಠ್ಯದಲ್ಲಿ ಮನುಷ್ಯನ ನಾಲ್ಕು ಬಗೆಯ ಹಲ್ಲುಗಳ ವಿವರಣೆ ಇದೆ. ಮೊಲದ ಹಲ್ಲನ್ನು ಅದರ ಪಕ್ಕದಲ್ಲಿಟ್ಟು ಹೋಲಿಸಿದರೆ ಮಕ್ಕಳಿಗೆ ಹಲ್ಲಿನ ರಚನೆಗೂ ಆಹಾರಕ್ಕೂ ಇರುವ ನಂಟು ಬೇಗ ತಿಳಿಯುತ್ತದೆ.

ವಯಸ್ಕ ಮೊಲಕ್ಕೆ 28 ಹಲ್ಲುಗಳು. ಮೇಲೆ ನಾಲ್ಕು ಬಾಚಿಹಲ್ಲು, ಕೆಳಗೆ ಎರಡು. ಕೋರೆಹಲ್ಲು ಇಲ್ಲ, ಆ ಜಾಗ ಖಾಲಿ. ಹಿಂದೆ ಮೇಲ್ದವಡೆಯಲ್ಲಿ 12, ಕೆಳದವಡೆಯಲ್ಲಿ 10 ಮುಂದವಡೆ ಮತ್ತು ದವಡೆಹಲ್ಲುಗಳು. ಮೇಲಿನ ನಾಲ್ಕು ಬಾಚಿಹಲ್ಲುಗಳಲ್ಲಿ ಎರಡು ಮಾತ್ರ ನಮಗೆ ಕಾಣುತ್ತವೆ. ಅವುಗಳ ಬೆನ್ನಿಗೆ ಗೂಟದಂಥ ಎರಡು ಪುಟ್ಟ ಹಲ್ಲುಗಳು ಅಡಗಿರುತ್ತವೆ. ಇಲಿ, ಅಳಿಲುಗಳಿಗೆ ಈ ಎರಡನೇ ಜೋಡಿ ಇರುವುದಿಲ್ಲ. ಆದ್ದರಿಂದ ಮೊಲ ದಂಶಕಗಳ ಗುಂಪಿಗೆ ಸೇರುವುದಿಲ್ಲ, ಅದರದು ಲ್ಯಾಗೊಮಾರ್ಫಾ ಎಂಬ ಬೇರೆಯೇ ಗಣ. ನನ್ನ ಪಾಠಯೋಜನೆಯ ಮೊದಲ ಕರಡಿನಲ್ಲಿ ನಾನೂ ‘ದಂಶಕ’ ಎಂದೇ ಬರೆದಿದ್ದೆ. ವಿಧಾನ ಬೋಧಿಸುವ ಉಪನ್ಯಾಸಕರು ಅದನ್ನು ಕೆಂಪು ಶಾಯಿಯಲ್ಲಿ ಸುತ್ತಿ ಹಿಂದಿರುಗಿಸಿದರು.

ನಮ್ಮ ಶಾಶ್ವತ ಹಲ್ಲು ಒಮ್ಮೆ ಬಂದರೆ ಮತ್ತೆ ಬೆಳೆಯುವುದಿಲ್ಲ. ಮೊಲದ ಎಲ್ಲ ಹಲ್ಲುಗಳೂ ಜೀವನಪೂರ್ತಿ ಬೆಳೆಯುತ್ತಲೇ ಇರುತ್ತವೆ. ಬಾಚಿಹಲ್ಲು ವಾರಕ್ಕೆ ಸುಮಾರು 2 ಮಿಲಿಮೀಟರಿನಷ್ಟು ಬೆಳೆಯುತ್ತದೆ. ಬೆಳೆದಷ್ಟೂ ಸವೆದರೆ ಉದ್ದ ಸರಿಯಾಗಿರುತ್ತದೆ. ಸವೆಸುವ ಕೆಲಸ ಮಾಡುವುದು ಹುಲ್ಲು. ಹುಲ್ಲಿನಲ್ಲಿ ನಾರಿನ ಜೊತೆ ಸಿಲಿಕಾ ಕಣಗಳಿವೆ. ಅದನ್ನು ಅರೆಯಲು ಮೊಲ ಕೆಳದವಡೆಯನ್ನು ಅಡ್ಡಡ್ಡ ಆಡಿಸುತ್ತದೆ, ಆಗ ಹಲ್ಲಿನ ಮೇಲ್ಮೈ ಪೂರ್ತಿ ಉಜ್ಜಿಕೊಳ್ಳುತ್ತದೆ. ಪೆಲೆಟ್, ಕಾಳು, ಬಿಸ್ಕೆಟ್‌ಗಳನ್ನು ಮೇಲೆ ಕೆಳಗೆ ಜಜ್ಜಿದರೆ ಸಾಕು, ಪುಡಿಯಾಗುತ್ತವೆ. ಹೀಗಾಗಿ ಹಲ್ಲಿನ ಅಂಚುಗಳು ಸವೆಯದೆ ಉಳಿಯುತ್ತವೆ. ಕೆಳಗಿನವು ನಾಲಿಗೆಯತ್ತ, ಮೇಲಿನವು ಕೆನ್ನೆಯತ್ತ ಮುಳ್ಳಿನಂತೆ ಚಾಚುತ್ತವೆ. ಆಹಾರ ಒಂದೇ ಕಾರಣವಲ್ಲ. ಮುಖ ಚಿಕ್ಕದಾಗಿರುವ ಕುಬ್ಜ ತಳಿಗಳಲ್ಲಿ ದವಡೆ ಹುಟ್ಟಿನಿಂದಲೇ ಹೊಂದದಿರಬಹುದು, ಬಿದ್ದು ಪೆಟ್ಟಾಗಿಯೂ ಹಲ್ಲು ಓರೆಯಾಗಬಹುದು. ಆದರೆ ಮಾಲೀಕರ ಕೈಯಲ್ಲಿರುವ ಕಾರಣ ಆಹಾರವೇ.

ವಿಷಯ ವಿಶ್ಲೇಷಣೆ: ಶಸ್ತ್ರಚಿಕಿತ್ಸೆಯ ನಂತರದ ಆರೈಕೆ

ಇಲ್ಲಿ ನಾನು ಬರೆದಿರುವುದು ವೈದ್ಯರು ಹೇಳಿದ್ದು ಮತ್ತು ಮನೆಯಲ್ಲಿ ನಾವು ಮಾಡಿದ್ದು. ಮಕ್ಕಳಿಗೆ ಪ್ರತಿಯೊಂದನ್ನೂ ಕಾರಣದೊಂದಿಗೆ ಹೇಳಬೇಕು, ಇಲ್ಲವಾದರೆ ಅದು ಬರಿಯ ಪಟ್ಟಿಯಾಗುತ್ತದೆ.

ಉಪವಾಸ ಬೇಡ. ಆಪರೇಷನ್ ಎಂದರೆ ಖಾಲಿ ಹೊಟ್ಟೆ ಎಂದು ಅಮ್ಮ ಹಿಂದಿನ ರಾತ್ರಿಯೇ ಬೆಲ್ಲಿಯ ತಟ್ಟೆ ಎತ್ತಿಟ್ಟಿದ್ದರು. ವೈದ್ಯರಿಗೆ ಫೋನ್ ಮಾಡಿದಾಗ ತಕ್ಷಣ ಮತ್ತೆ ಇಡಿ ಎಂದರು. ಮನುಷ್ಯರಿಗೆ ಅರಿವಳಿಕೆಯಲ್ಲಿ ವಾಂತಿಯಾಗುವ ಭಯವಿದೆ, ಮೊಲ ವಾಂತಿ ಮಾಡಲಾರದು. ಅದರ ಕರುಳು ಸದಾ ಚಲಿಸುತ್ತಿರಬೇಕು. ಕರುಳಿಗೆ ಅಂಟಿಕೊಂಡಿರುವ ಸೀಕಮ್ ಎಂಬ ದೊಡ್ಡ ಚೀಲದಲ್ಲಿ ನಾರನ್ನು ಹುದುಗಿಸುವ ಬ್ಯಾಕ್ಟೀರಿಯಾಗಳಿವೆ. ಆಹಾರ ನಿಂತರೆ ಕರುಳಿನ ಚಲನೆ ನಿಲ್ಲುತ್ತದೆ, ಗಾಳಿ ತುಂಬುತ್ತದೆ, ನೋವು ಹೆಚ್ಚಿ ಮೊಲ ಇನ್ನಷ್ಟು ತಿನ್ನದಾಗುತ್ತದೆ. ಹಲ್ಲಿನ ಚಿಕಿತ್ಸೆ ಸರಿಯಾಗಿ ನಡೆದರೂ ಕರುಳು ನಿಂತು ಮೊಲ ಸಾಯಬಹುದು.

ಬೆಚ್ಚಗಿಡುವುದು. ಅರಿವಳಿಕೆಯಿಂದ ಮೈ ತಣ್ಣಗಾಗುತ್ತದೆ. ಬಿಸಿನೀರಿನ ಬಾಟಲಿಗೆ ಟವೆಲ್ ಸುತ್ತಿ ಬುಟ್ಟಿಯ ಒಂದು ಬದಿಗೆ ಮಾತ್ರ ಇಟ್ಟೆವು. ಸೆಕೆಯಾದರೆ ಇನ್ನೊಂದು ಬದಿಗೆ ಸರಿದುಕೊಳ್ಳಲು ಜಾಗ ಬೇಕು. ನೆಲಕ್ಕೆ ಮರದ ಹೊಟ್ಟು ಹಾಕದೆ ಹಳೆಯ ಹತ್ತಿ ಬಟ್ಟೆ ಹಾಸಿದೆವು. ಬಾಟಲಿಯ ನಳಿಗೆ ತೆಗೆದು ಬಟ್ಟಲಿನಲ್ಲಿ ನೀರಿಟ್ಟೆವು, ಬಾಯಿ ನೋವಿರುವಾಗ ನಳಿಗೆಯಿಂದ ಕುಡಿಯುವುದು ಕಷ್ಟ.

ಸಿರಿಂಜ್‌ನಿಂದ ಉಣಿಸುವುದು. ಪೆಲೆಟ್ಟನ್ನು ಬೆಚ್ಚಗಿನ ನೀರಿನಲ್ಲಿ ನೆನೆಸಿ, ಮಿಕ್ಸಿಯಲ್ಲಿ ನುಣ್ಣಗೆ ಅರೆದು, ಸೋಸಿ ಗಂಜಿ ಮಾಡಿದೆವು. ವೈದ್ಯರು ಹೇಳಿದ ಪ್ರಮಾಣ ದಿನಕ್ಕೆ ಒಂದು ಕಿಲೋ ತೂಕಕ್ಕೆ 50 ಮಿ.ಲೀ. ಬೆಲ್ಲಿಗೆ ಸುಮಾರು 80 ಮಿ.ಲೀ., ಐದು ಹೊತ್ತು ಮಾಡಿದರೆ ಒಂದು ಹೊತ್ತಿಗೆ 16 ಮಿ.ಲೀ. ಟವೆಲ್ಲಿನಲ್ಲಿ ಸುತ್ತಿ, ನಾಲ್ಕು ಕಾಲೂ ಊರಿ ಕುಳಿತಿರುವಂತೆಯೇ ಹಿಡಿಯಬೇಕು. ಬಾಚಿಹಲ್ಲಿನ ಹಿಂದಿನ ಖಾಲಿ ಜಾಗದಿಂದ, ಅಂದರೆ ಬಾಯಿಯ ಪಕ್ಕದಿಂದ, ಒಂದು ಮಿ.ಲೀ.ನಷ್ಟೇ ಹಾಕಿ, ಅದು ಅಗಿದು ನುಂಗುವವರೆಗೆ ಕಾಯಬೇಕು. ಅಂಗಾತ ಮಲಗಿಸಿ ಹಾಕಿದರೆ ಗಂಜಿ ಶ್ವಾಸಕೋಶಕ್ಕೆ ಹೋಗುತ್ತದೆ. ಎತ್ತುವಾಗ ಹಿಂಗಾಲುಗಳಿಗೆ ಆಧಾರ ಕೊಡಲೇಬೇಕು. ಮೊಲ ಜೋರಾಗಿ ಒದ್ದುಕೊಂಡರೆ ಅದರ ಬೆನ್ನುಮೂಳೆಯೇ ಮುರಿಯಬಹುದು.

ಔಷಧ. ವೈದ್ಯರು ಬರೆದುಕೊಟ್ಟ ನೋವಿನ ಔಷಧವನ್ನು ಹೇಳಿದಷ್ಟು ದಿನ ಕೊಡಬೇಕು. ಮನೆಯಲ್ಲಿರುವ ಮನುಷ್ಯರ ಮಾತ್ರೆ ಕೊಡಬಾರದು. ಪಕ್ಕದ ಮನೆಯವರು ತಮ್ಮ ಮಗುವಿಗೆ ತಂದು ಉಳಿದಿದ್ದ ಅಮಾಕ್ಸಿಸಿಲಿನ್ ಸಿರಪ್ಪನ್ನು ಒಳ್ಳೆಯ ಮನಸ್ಸಿನಿಂದಲೇ ತಂದುಕೊಟ್ಟರು. ಬಾಯಿಯ ಮೂಲಕ ಕೊಟ್ಟ ಆ ಜಾತಿಯ ಆ್ಯಂಟಿಬಯೊಟಿಕ್ ಮೊಲದ ಕರುಳಿನ ಉಪಯುಕ್ತ ಬ್ಯಾಕ್ಟೀರಿಯಾಗಳನ್ನು ಕೊಂದು ಪ್ರಾಣವನ್ನೇ ತೆಗೆಯಬಲ್ಲದು.

ನೋವಿನ ಗುರುತು. ಮೊಲ ಬೇಟೆಗೆ ಗುರಿಯಾಗುವ ಪ್ರಾಣಿ, ನೋವಾದರೂ ಕೂಗುವುದಿಲ್ಲ. ಅದರ ಮುಖ ನೋಡಿ ನೋವನ್ನು ಅಳೆಯುವ ಮಾಪನವೊಂದು 2012ರಲ್ಲಿ ಪ್ರಕಟವಾಗಿದೆ. ಕಣ್ಣು ಎಷ್ಟು ಮುಚ್ಚಿದೆ, ಕೆನ್ನೆ ಚಪ್ಪಟೆಯಾಗಿದೆಯೇ, ಮೂಗಿನ ಹೊಳ್ಳೆ, ಮೀಸೆ, ಕಿವಿ ಹೇಗಿವೆ ಎಂಬ ಐದು ಅಂಶಗಳನ್ನು ಅದರಲ್ಲಿ ನೋಡುತ್ತಾರೆ. ಮುದುರಿ ಕೂರುವುದು, ಕಟಕಟನೆ ಹಲ್ಲು ಕಡಿಯುವುದು ಕೂಡ ನೋವಿನ ಲಕ್ಷಣ.

ಹಿಕ್ಕೆ ಎಣಿಸುವುದು. ಕರುಳು ನಡೆಯುತ್ತಿದೆ ಎಂಬುದಕ್ಕೆ ಮನೆಯಲ್ಲಿ ಸಿಗುವ ಪುರಾವೆ ಇದೊಂದೇ. ಹನ್ನೆರಡು ಗಂಟೆ ಏನೂ ತಿನ್ನದಿದ್ದರೆ ಅಥವಾ ಹಿಕ್ಕೆ ಬೀಳದಿದ್ದರೆ ಬೆಳಗಾಗಲಿ ಎಂದು ಕಾಯದೆ ವೈದ್ಯರನ್ನು ಕಾಣಬೇಕು.

‘ಎ’ ವಿಭಾಗದ ಪಾಠ

ಮೊದಲ ಪಾಠದಲ್ಲಿ ನಾನು ಕಥೆ ಹೇಳಿದೆ. ಬೆಲ್ಲಿಯ ಫೋಟೊ ತೋರಿಸಿದೆ, ಹಲ್ಲಿನ ಚಾರ್ಟು ತೂಗುಹಾಕಿದೆ, ಆರೈಕೆಯ ಅಂಶಗಳನ್ನು ಒಂದೊಂದಾಗಿ ಬರೆದೆ. ಮೂವತ್ತೆರಡು ಮಕ್ಕಳೂ ಬಾಯಿ ಬಿಟ್ಟುಕೊಂಡು ಕೇಳಿದರು. ಎಂಟು ದಿನಗಳ ದಾಖಲೆಯನ್ನೂ ಚಾರ್ಟಿನಲ್ಲಿ ಬರೆದಿದ್ದೆ. ಅದರಲ್ಲಿ ಹಿಕ್ಕೆಯ ಸಂಖ್ಯೆ ಚೆಂದವಾಗಿ ಏರುತ್ತಾ ಹೋಗುತ್ತಿತ್ತು.

ಕೊನೆಯಲ್ಲಿ ಬರೆಸಿದ ಪ್ರಶ್ನೆಗಳಲ್ಲಿ ಹಲ್ಲಿನ ಸಂಖ್ಯೆ, ಸೀಕಮ್‌ನ ಕೆಲಸ ಇವಕ್ಕೆ ಬಹುತೇಕ ಎಲ್ಲರೂ ಸರಿಯುತ್ತರ ಬರೆದರು. ಕೊನೆಯ ಪ್ರಶ್ನೆ ಹೀಗಿತ್ತು: ‘ನಿಮ್ಮ ಮನೆಯ ಪ್ರಾಣಿಗೆ ಹುಷಾರಿಲ್ಲವೆಂದು ನಿಮಗೆ ಹೇಗೆ ತಿಳಿಯುತ್ತದೆ? ಆಗ ಏನು ಮಾಡುತ್ತೀರಿ?’ ಇಪ್ಪತ್ತೇಳು ಪುಸ್ತಕಗಳಲ್ಲಿ ಒಂದೇ ಉತ್ತರ: ‘ಪ್ರೀತಿಯಿಂದ ನೋಡಿಕೊಳ್ಳುತ್ತೇನೆ.’ ಪ್ರಶ್ನೆಯ ಮೊದಲ ಭಾಗಕ್ಕೆ ಉತ್ತರವೇ ಇರಲಿಲ್ಲ.

ಆ ಪುಸ್ತಕಗಳನ್ನು ಮುಂದಿಟ್ಟುಕೊಂಡು ಕುಳಿತಿದ್ದಾಗ ಶಾಲೆಯ ಮಾರ್ಗದರ್ಶಕ ಶಿಕ್ಷಕಿ ನನ್ನ ಚಾರ್ಟನ್ನು ಮತ್ತೊಮ್ಮೆ ನೋಡಿ, “ಎಂಟು ದಿನ ಅಂತ ಬರೆದಿದ್ದೀರಿ, ಸಾಲು ಏಳೇ ಇದೆಯಲ್ಲಮ್ಮ. ಎರಡನೇ ದಿನ ಆದಮೇಲೆ ನಾಲ್ಕನೇ ದಿನ. ನೀವು ಹಿಡಿದ ಮೊಲಕ್ಕೂ ಮೂರೇ ಕಾಲಾ?” ಎಂದು ನಕ್ಕರು. ನನಗೆ ನಗು ಬರಲಿಲ್ಲ. ಮೂರನೇ ದಿನದ ಸಾಲನ್ನು ನಾನು ಬಿಟ್ಟಿದ್ದು ಮರೆತು ಅಲ್ಲ.

ಎರಡನೇ ದಿನ ಸಂಜೆ ಬೆಲ್ಲಿ ಚುರುಕಾಗಿ ಕಂಡಿದ್ದಳು. ತಾನಾಗಿಯೇ ಎರಡು ಎಲೆ ಕೊತ್ತಂಬರಿ ತಿಂದಿದ್ದಳು. ಔಷಧ ಹೆಚ್ಚಾದರೆ ಕೆಟ್ಟದ್ದು ಎಂದು ನಾನೇ ತೀರ್ಮಾನಿಸಿ, ಮೂರನೇ ದಿನ ಬೆಳಗಿನ ನೋವಿನ ಔಷಧ ಕೊಡಲಿಲ್ಲ. ಯಾರನ್ನೂ ಕೇಳಲೂ ಇಲ್ಲ. ಮಧ್ಯಾಹ್ನ ಗಂಜಿಯನ್ನು ಉಗುಳಿದಳು. ಸಂಜೆ ಮೂಲೆಯಲ್ಲಿ ಮುದುರಿ ಹಲ್ಲು ಕಡಿಯುತ್ತಿದ್ದಳು, ಬೆಳಗಿನಿಂದ ಹೊಸ ಹಿಕ್ಕೆ ಬಿದ್ದಿರಲಿಲ್ಲ. ವೈದ್ಯರಿಗೆ ಫೋನ್ ಮಾಡಿದಾಗ ಅವರು ಕೇಳಿದ ಮೊದಲ ಪ್ರಶ್ನೆ, “ಔಷಧ ಕೊಟ್ಟಿದ್ದೀರಾ?” ಅವರು ಹೇಳಿದಂತೆ ಆಗಲೇ ಔಷಧ ಕೊಟ್ಟು, ಗಂಟೆ ಕಳೆದ ಮೇಲೆ ಸ್ವಲ್ಪಸ್ವಲ್ಪವೇ ಉಣಿಸಿದೆವು. ರಾತ್ರಿ ಹನ್ನೊಂದರ ಹೊತ್ತಿಗೆ ನಾಲ್ಕು ಹಿಕ್ಕೆ ಬಿತ್ತು. ಅಮ್ಮ ದೇವರ ಮನೆಗೆ ಹೋಗಿ ಕೈಮುಗಿದು ಬಂದರು. ನಾನು ಆ ನಾಲ್ಕನ್ನೂ ನೋಟ್‌ಬುಕ್ಕಿನಲ್ಲಿ ಬರೆದೆ. ಆದರೆ ಅದನ್ನು ಮಕ್ಕಳ ಮುಂದಿಡಲು ಧೈರ್ಯವಾಗಲಿಲ್ಲ. ಶಿಕ್ಷಕಿಯಾದವಳು ತಪ್ಪು ಮಾಡಿದ್ದನ್ನು ಚಾರ್ಟಿನಲ್ಲಿ ಬರೆದು ತೂಗುಹಾಕುವುದೇ ಎಂದುಕೊಂಡೆ.

ಮಾರ್ಗದರ್ಶಕ ಶಿಕ್ಷಕಿ ಇದನ್ನೆಲ್ಲ ಕೇಳಿ, “ನಾಡಿದ್ದು ‘ಬಿ’ ವಿಭಾಗಕ್ಕೆ ಎಂಟೂ ಸಾಲು ತನ್ನಿ, ವಿವರಣೆ ತರಬೇಡಿ” ಎಂದಷ್ಟೇ ಹೇಳಿದರು.

‘ಬಿ’ ವಿಭಾಗದ ಪಾಠ: ಹಂತಗಳು

1. ತೊಡಗಿಸಿಕೊಳ್ಳುವಿಕೆ (5 ನಿಮಿಷ). ಬೆಲ್ಲಿಯ ಎರಡು ಫೋಟೊಗಳನ್ನು ಗುಂಪುಗಳಿಗೆ ಕೊಟ್ಟೆ. ಒಂದು ಕಾಯಿಲೆಗೆ ಮೊದಲಿನದು, ಇನ್ನೊಂದು ಶಸ್ತ್ರಚಿಕಿತ್ಸೆಯ ಹಿಂದಿನ ದಿನದ್ದು. ಯಾವುದು ಯಾವುದೆಂದು ಹೇಳದೆ, ಐದು ವ್ಯತ್ಯಾಸ ಹುಡುಕಲು ಹೇಳಿದೆ. ಒದ್ದೆ ಗದ್ದವನ್ನು ಎರಡನೇ ಬೆಂಚಿನ ಹುಡುಗಿಯೊಬ್ಬಳು ಅರ್ಧ ನಿಮಿಷದಲ್ಲಿ ಗುರುತಿಸಿದಳು. ನನಗೆ ಒಂಬತ್ತು ದಿನ ಬೇಕಾಗಿತ್ತು.

2. ಅನ್ವೇಷಣೆ (12 ನಿಮಿಷ). ಪ್ರತಿ ಗುಂಪಿಗೂ ಎರಡು ತುಂಡು ಸೀಮೆಸುಣ್ಣ. ಮೊದಲು ಎರಡರ ತುದಿಗಳನ್ನು ಒಂದಕ್ಕೊಂದು ಕುಟ್ಟಬೇಕು. ಪುಡಿ ಉದುರುವುದಿಲ್ಲ, ತುದಿ ಹಾಗೇ ಉಳಿಯುತ್ತದೆ. ನಂತರ ತುದಿಗಳನ್ನು ಅಡ್ಡಡ್ಡ ಪೂರ್ತಿ ಉಜ್ಜಬೇಕು, ಎರಡೂ ಸಮನಾಗಿ ಸವೆಯುತ್ತವೆ. ಕೊನೆಗೆ ಒಂದರ ತುದಿಯನ್ನು ಇನ್ನೊಂದರ ಅರ್ಧ ಭಾಗಕ್ಕೆ ಮಾತ್ರ ತಾಗಿಸಿ ಉಜ್ಜಬೇಕು. ಉಜ್ಜದ ಅರ್ಧ ಗೋಡೆಯಂತೆ ಎದ್ದು ನಿಲ್ಲುತ್ತದೆ. ‘ಈ ಗೋಡೆ ನಾಲಿಗೆಯ ಪಕ್ಕದಲ್ಲಿದ್ದರೆ?’ ಎಂದು ಕೇಳಿದಾಗ ಇಡೀ ತರಗತಿ ಮುಖ ಹಿಂಡಿತು. ಆಮೇಲೆ ದಾಖಲೆಯ ಹಾಳೆ ಹಂಚಿದೆ.

ದಿನ 1: ತೂಕ 1,580 ಗ್ರಾಂ, ಗಂಜಿ 80 ಮಿ.ಲೀ.; ತಾನೇ ತಿಂದದ್ದು ಇಲ್ಲ; ನೋವಿನ ಔಷಧ ಕೊಟ್ಟಿದೆ; ಹಿಕ್ಕೆ 14.
ದಿನ 2: 1,570 ಗ್ರಾಂ, 80 ಮಿ.ಲೀ.; ಕೊತ್ತಂಬರಿ ಎರಡು ಎಲೆ; ಕೊಟ್ಟಿದೆ; 46.
ದಿನ 3: 1,550 ಗ್ರಾಂ, 55 ಮಿ.ಲೀ.; ಇಲ್ಲ; ಬೆಳಗ್ಗೆ ಕೊಟ್ಟಿಲ್ಲ, ಸಂಜೆ ಕೊಟ್ಟಿದೆ; 12.
ದಿನ 4: 1,550 ಗ್ರಾಂ, 80 ಮಿ.ಲೀ.; ಕೊತ್ತಂಬರಿ ಐದು ಎಲೆ; ಕೊಟ್ಟಿದೆ; 58.
ದಿನ 5: 1,570 ಗ್ರಾಂ, 60 ಮಿ.ಲೀ.; ಎಳೆ ಗರಿಕೆ; ಕೊಟ್ಟಿದೆ; 97.
ದಿನ 6: 1,600 ಗ್ರಾಂ, 40 ಮಿ.ಲೀ.; ಗರಿಕೆ ಒಂದು ಹಿಡಿ; ಕೊಟ್ಟಿದೆ; 130.
ದಿನ 7: 1,630 ಗ್ರಾಂ, 20 ಮಿ.ಲೀ.; ಗರಿಕೆ, ಒಣಹುಲ್ಲು; ವೈದ್ಯರ ಸೂಚನೆಯಂತೆ ಔಷಧ ಮುಗಿಯಿತು; 160.
ದಿನ 8: 1,660 ಗ್ರಾಂ, ಗಂಜಿ ಇಲ್ಲ, ಗರಿಕೆ, ಒಣಹುಲ್ಲು, ಔಷಧ ಇಲ್ಲ, 190.

ಪ್ರತಿ ಗುಂಪೂ ಹಿಕ್ಕೆಯ ಸಂಖ್ಯೆಗೆ ನಕ್ಷೆ ಬರೆಯಬೇಕಿತ್ತು. ಹಿಕ್ಕೆ ಎಂಬ ಮಾತಿಗೇ ನಗು ಎದ್ದಿತು. ನಕ್ಷೆಯ ಗೆರೆ ಮೂರನೇ ದಿನ ಕುಸಿದಾಗ ನಗು ನಿಂತಿತು.

3. ವಿವರಣೆ (10 ನಿಮಿಷ). “ಮಿಸ್, ಮೂರನೇ ದಿನ ಬೆಳಗ್ಗೆ ಯಾಕೆ ಔಷಧ ಕೊಡ್ಲಿಲ್ಲ? ಖಾಲಿ ಆಗಿತ್ತಾ?” ಎಂದು ಕಿಟಕಿಯ ಪಕ್ಕದ ಹುಡುಗ ಕೇಳಿದ. ಖಾಲಿಯಾಗಿತ್ತು ಎಂದುಬಿಡುವುದು ಸುಲಭವಿತ್ತು. ಹಿಂದಿನ ಬೆಂಚಿನಲ್ಲಿ ಮಾರ್ಗದರ್ಶಕ ಶಿಕ್ಷಕಿ ಮತ್ತು ಇಬ್ಬರು ಸಹಪಾಠಿ ವೀಕ್ಷಕರು ಕುಳಿತಿದ್ದರು. “ಖಾಲಿ ಆಗಿರಲಿಲ್ಲ. ಹುಷಾರಾಗಿದಾಳೆ ಅಂತ ನಾನೇ ಅಂದುಕೊಂಡು ಬಿಟ್ಟುಬಿಟ್ಟೆ. ಅದು ನನ್ನ ತಪ್ಪು” ಎಂದೆ. ಸ್ವಲ್ಪ ಹೊತ್ತು ಯಾರೂ ಮಾತಾಡಲಿಲ್ಲ. ಆಮೇಲೆ ಪ್ರಶ್ನೆಗಳ ಸುರಿಮಳೆ. ‘ಹುಷಾರಾಗಿದಾಳೆ ಅಂತ ಯಾಕೆ ಅನ್ನಿಸ್ತು?’ ‘ತೂಕ ಇಳಿದಿತ್ತಲ್ಲ, ನೋಡ್ಲಿಲ್ವಾ?’ ಎರಡನೇ ದಿನದ ತೂಕ ಹತ್ತು ಗ್ರಾಂ ಕಡಿಮೆಯಾಗಿದ್ದದ್ದು ನನ್ನ ನೋಟ್‌ಬುಕ್ಕಿನಲ್ಲೇ ಇತ್ತು, ಕಣ್ಣಿಗೆ ಚುರುಕಾಗಿ ಕಂಡದ್ದನ್ನು ನಂಬಿ ನಾನು ಅದನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ. ನೋವು, ಆಹಾರ, ಕರುಳಿನ ಚಲನೆ ಒಂದಕ್ಕೊಂದು ಹೇಗೆ ಕೊಂಡಿಯಾಗಿವೆ ಎಂಬುದನ್ನು ಮಕ್ಕಳೇ ಕೋಷ್ಟಕದಿಂದ ಕಟ್ಟಿಕೊಂಡರು. ಔಷಧ ತಪ್ಪಿತು, ನೋವು ಬಂತು, ಗಂಜಿ ಕಡಿಮೆಯಾಯಿತು, ಹಿಕ್ಕೆ ಕಡಿಮೆಯಾಯಿತು. ನಾನು ಬಾಣದ ಗುರುತು ಹಾಕಿದೆನಷ್ಟೆ. ಒಂದೇ ಪ್ರಕರಣದಿಂದ ಕಾರಣವನ್ನು ಪೂರ್ತಿ ಸಾಬೀತು ಮಾಡಲಾಗದು, ಔಷಧ ಕೊಟ್ಟ ಮೇಲೆ ಚೇತರಿಸಿದ್ದು ನಮ್ಮ ಊಹೆಗೆ ಬಲ ಕೊಡುತ್ತದೆ ಎಂಬುದನ್ನೂ ಸೇರಿಸಿದೆ.

4. ವಿಸ್ತರಣೆ (8 ನಿಮಿಷ). ಈ ಹಂತಕ್ಕೆ ನಾನು ಯೋಜಿಸಿದ್ದ ಚಟುವಟಿಕೆಯನ್ನು ಒಬ್ಬ ಹುಡುಗ ಬದಲಿಸಿದ. “ನಮ್ಮ ಮನೇಲೂ ಮೊಲ ಸಾಕ್ತಾರೆ ಮಿಸ್, ಮಾರೋಕೆ. ನಮ್ಮವಕ್ಕೆ ಹಲ್ಲುನೋವೇ ಬರಲ್ಲ. ಬರೀ ಹುಲ್ಲು, ಕುದುರೆಮೆಂತೆ ಸೊಪ್ಪು ಹಾಕ್ತೀವಿ” ಎಂದ. ಕೆಲವರು “ಕೊಂದು ತಿನ್ನೋಕೆ ಮಿಸ್” ಎಂದು ನಕ್ಕರು. ಹುಡುಗ ತಲೆ ತಗ್ಗಿಸಿದ. ಅವನ ಮನೆಯ ಕಸುಬನ್ನು ತಪ್ಪು ಸರಿ ಎಂದು ತೂಗುವ ಜಾಗ ಅದಾಗಿರಲಿಲ್ಲ. ಅವನನ್ನೇ ಮುಂದೆ ಕರೆದು, ಯಾವ ಹುಲ್ಲು, ದಿನಕ್ಕೆ ಎಷ್ಟು ಸಲ ಎಂದು ಕೇಳಿದೆ. ಗರಿಕೆ, ಹೊಲದ ಬದುವಿನ ಹುಲ್ಲು, ಇಬ್ಬನಿ ಆರಿದ ಮೇಲೆಯೇ ಕೊಯ್ದು ತರುವುದು ಎಲ್ಲವನ್ನೂ ಹೇಳಿದ. ಮಾರುವ ಮೊಲಗಳು ಕೆಲವೇ ತಿಂಗಳು ಮನೆಯಲ್ಲಿರುತ್ತವೆ, ಹಲ್ಲಿನ ತೊಂದರೆ ಕಾಣಿಸಿಕೊಳ್ಳಲು ಬೇಕಾದಷ್ಟು ಕಾಲ ಅವಕ್ಕೆ ಸಿಗುವುದಿಲ್ಲ ಎಂಬುದನ್ನು ನಾನು ಸೇರಿಸಿದೆ. ಆದರೂ ಹುಲ್ಲಿನ ವಿಷಯದಲ್ಲಿ ಮೂರು ವರ್ಷ ಮೊಲ ಸಾಕಿದ ನನಗಿಂತ ಅವನಿಗೆ ಹೆಚ್ಚು ಗೊತ್ತಿತ್ತು, ಅದನ್ನು ತರಗತಿಯ ಮುಂದೆಯೇ ಹೇಳಿದೆ. ಕ್ಯಾರೆಟ್ಟಿನಲ್ಲಿ ಸಕ್ಕರೆ ಹೆಚ್ಚು, ಅದು ಅಪರೂಪದ ತಿಂಡಿ ಮಾತ್ರ. ಕುದುರೆಮೆಂತೆಯಲ್ಲಿ ಸುಣ್ಣದ ಅಂಶ ಹೆಚ್ಚು, ಬೆಳೆಯುವ ಮರಿಗಳಿಗೆ ಸರಿ, ದೊಡ್ಡ ಮೊಲಕ್ಕೆ ದಿನವೂ ಬೇಡ. ದಿನದ ಆಹಾರದ ಬಹುಪಾಲು ಹುಲ್ಲೇ ಇರಬೇಕು ಎಂಬಲ್ಲಿಗೆ ಚರ್ಚೆ ನಿಂತಿತು.

ಇನ್ನೊಬ್ಬ, ಹೊಲದಲ್ಲಿ ಸಿಗುವ ಮೊಲವನ್ನು ತಂದು ಸಾಕಬಹುದೇ ಎಂದು ಕೇಳಿದ. ನಮ್ಮ ಹೊಲಗಳ ಮೊಲ ಬೇರೆ ಜಾತಿಯ ವನ್ಯಪ್ರಾಣಿ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆ ಅದನ್ನು ರಕ್ಷಿಸುತ್ತದೆ, ಹಿಡಿಯುವಂತಿಲ್ಲ. ಸಾಕುವ ಮೊಲಗಳು ಯುರೋಪಿನ ಕಾಡುಮೊಲದ ವಂಶದವು. ಈ ಪ್ರಶ್ನೆ ಯಾವ ಊರಿನ ತರಗತಿಯಲ್ಲೂ ಬಂದೇ ಬರುತ್ತದೆ, ಉತ್ತರ ಸಿದ್ಧವಿರಲಿ.

5. ಮೌಲ್ಯಮಾಪನ. ಗಂಟೆ ಹೊಡೆದಿತ್ತು. ‘ಎ’ ವಿಭಾಗಕ್ಕೆ ಕೊಟ್ಟ ಕೊನೆಯ ಪ್ರಶ್ನೆಯನ್ನೇ ಮನೆಗೆಲಸವಾಗಿ ಕೊಟ್ಟೆ. ಜೊತೆಗೆ, ಮನೆಯದೋ ನೆರೆಯದೋ ಒಂದು ಪ್ರಾಣಿಯನ್ನು ಒಂದು ವಾರ ಗಮನಿಸಿ, ದಿನಕ್ಕೆ ಮೂರು ಅಂಶ ಬರೆಯಲು ಹೇಳಿದೆ. ಮೂರೂ ಎಣಿಸುವ ಅಥವಾ ಕಣ್ಣಾರೆ ನೋಡುವ ಸಂಗತಿಗಳಾಗಿರಬೇಕು ಎಂಬುದೊಂದೇ ನಿಯಮ.

ಫಲಿತಾಂಶ

‘ಬಿ’ ವಿಭಾಗದ ಉತ್ತರಗಳು ಒಂದೇ ಅಚ್ಚಿನಲ್ಲಿರಲಿಲ್ಲ. ‘ನಾಯಿ ಅನ್ನ ಮೂಸಿ ಬಿಟ್ಟರೆ’, ‘ಕೋಳಿ ರೆಕ್ಕೆ ಇಳಿಬಿಟ್ಟು ಒಂದೇ ಕಡೆ ನಿಂತರೆ’, ‘ಎಮ್ಮೆ ಹಾಲು ಎರಡು ಲೋಟ ಕಡಿಮೆಯಾದರೆ’ ಎಂದು ಬರೆದಿದ್ದರು. ಹಲ್ಲಿನ ಸಂಖ್ಯೆಯನ್ನು ತಪ್ಪಾಗಿ ಬರೆದವರು ಮಾತ್ರ ಈ ವಿಭಾಗದಲ್ಲೇ ಹೆಚ್ಚು. ಅದನ್ನು ಮರುದಿನ ಹತ್ತು ನಿಮಿಷದಲ್ಲಿ ಸರಿಪಡಿಸಲು ಸಾಧ್ಯವಾಯಿತು.

‘ಎ’ ವಿಭಾಗಕ್ಕೂ ಎಂಟು ಸಾಲಿನ ಹಾಳೆಯನ್ನು ಆಮೇಲೆ ಒಯ್ದು ಕೊಟ್ಟೆ, ಮೊದಲ ಚಾರ್ಟಿನಲ್ಲಿ ಒಂದು ಸಾಲು ಬಿಟ್ಟಿದ್ದೆ ಎಂದು ಹೇಳಿದೆ. “ಅದಕ್ಕೇ ಮಿಸ್, ನಾನು ಎಣಿಸಿದ್ದೆ, ಕೇಳೋಕೆ ಭಯ ಆಯ್ತು” ಎಂದಳು ಒಬ್ಬ ಹುಡುಗಿ. ಮಗು ಕಂಡದ್ದನ್ನು ಕೇಳಲಾಗದ ಪಾಠಕ್ಕೆ ನಾನು ಒಳ್ಳೆಯ ಅಂಕ ಪಡೆದಿದ್ದೆ.

ಪಾಠದ ಮಿತಿಗಳು

40 ನಿಮಿಷಕ್ಕೆ ಇಷ್ಟು ವಿಷಯ ಹೆಚ್ಚು. ಸೀಮೆಸುಣ್ಣದ ಚಟುವಟಿಕೆ ಮತ್ತು ಕೋಷ್ಟಕದ ಚರ್ಚೆಯನ್ನು ಎರಡು ಅವಧಿಗಳಿಗೆ ಹಂಚುವುದು ಒಳ್ಳೆಯದೆಂದು ವೀಕ್ಷಕರು ಬರೆದಿದ್ದಾರೆ, ನಾನೂ ಒಪ್ಪುತ್ತೇನೆ. ಸೀಮೆಸುಣ್ಣ ಸವೆಯುತ್ತದೆ, ಬೆಳೆಯುವುದಿಲ್ಲ. ಹಲ್ಲು ಬೆಳೆಯುತ್ತಲೇ ಇರುತ್ತದೆ ಎಂಬ ಮುಖ್ಯ ಅಂಶವನ್ನು ಈ ಮಾದರಿ ತೋರಿಸುವುದಿಲ್ಲ. ಒಬ್ಬರು ಸೀಮೆಸುಣ್ಣವನ್ನು ಹಿಂದಿನಿಂದ ತಳ್ಳುತ್ತಾ ಇನ್ನೊಬ್ಬರು ಉಜ್ಜಿದರೆ ಅದು ಸ್ವಲ್ಪ ಮಟ್ಟಿಗೆ ಸಾಧ್ಯ. ಮಕ್ಕಳು ಮನೆಯ ಮೊಲದ ಬಾಯಿ ಬಿಡಿಸಿ ನೋಡಲು ಹೋಗಬಾರದು, ಉಗುರುಕತ್ತರಿಯಿಂದ ಹಲ್ಲು ಕತ್ತರಿಸಬಾರದು, ಹಾಗೆ ಮಾಡಿದರೆ ಹಲ್ಲು ಉದ್ದಕ್ಕೆ ಸೀಳುತ್ತದೆ ಎಂಬ ಎಚ್ಚರಿಕೆಯನ್ನು ಪಾಠದ ಕೊನೆಗೆ ಬಿಡದೆ ಮೊದಲೇ ಹೇಳಬೇಕು.

ಸಹಪ್ರಶಿಕ್ಷಣಾರ್ಥಿಗಳಿಗೆ

ನಿಮ್ಮ ಮನೆಯ ಅಥವಾ ಹೊಲದ ಒಂದು ನಿಜವಾದ ದಾಖಲೆ ಇದ್ದರೆ ಅದನ್ನೇ ತರಗತಿಗೆ ಒಯ್ಯಿರಿ. ಅಂದವಾಗಿ ಕಾಣಲೆಂದು ಅದನ್ನು ತಿದ್ದಬೇಡಿ. ಸಂಖ್ಯೆ ಕುಸಿದ ಜಾಗದಲ್ಲೇ ಮಕ್ಕಳ ಪ್ರಶ್ನೆ ಹುಟ್ಟುತ್ತದೆ. ತಪ್ಪು ನಿಮ್ಮದಾಗಿದ್ದರೆ ಹಾಗೆಂದು ಹೇಳಿ, ಒಂದು ವಾಕ್ಯ ಸಾಕು, ಮುಂದಕ್ಕೆ ಹೋಗಿ.

ಬೆಲ್ಲಿಯ ತೂಕ ಈಗ 1,820 ಗ್ರಾಂ. ಅವಳ ಹಲ್ಲು ಬೆಳೆಯುತ್ತಲೇ ಇರುವುದರಿಂದ ಆರೆಂಟು ವಾರಕ್ಕೊಮ್ಮೆ ತೋರಿಸಲು ವೈದ್ಯರು ಹೇಳಿದ್ದಾರೆ. ಅಂಚು ಮತ್ತೆ ಬೆಳೆದರೆ ಮತ್ತೆ ಅರಿವಳಿಕೆ, ಮತ್ತೆ ಖರ್ಚು. ಬಿಸ್ಕೆಟ್ ನಿಂತಿದೆ. ಗರಿಕೆ ತರುವ ಕೆಲಸ ನನ್ನದು.

ಒಂದು ವಾರದ ವೀಕ್ಷಣೆಯ ಪುಸ್ತಕಗಳಲ್ಲಿ ಮೇಕೆಯ ಬಗ್ಗೆ ಬರೆದದ್ದು ಒಂದಿತ್ತು. ಒದ್ದೆ ಗದ್ದವನ್ನು ಗುರುತಿಸಿದ ಹುಡುಗಿಯದು. ನಾಲ್ಕನೇ ದಿನದ ಸಾಲಿನಲ್ಲಿ ಅವಳು ಹೀಗೆ ಬರೆದಿದ್ದಾಳೆ: ‘ಸಂಜೆ ಮೆಲುಕು ಹಾಕಲಿಲ್ಲ. ಎಡಹೊಟ್ಟೆ ಉಬ್ಬಿತ್ತು. ಅಪ್ಪನಿಗೆ ಆಗಲೇ ಹೇಳಿದೆ.’